ಚಿಕ್ಕಮ್ಮನ ‘ಮಾಡಿ ತೋರಿಸು’ ಪರೀಕ್ಷೆ

ನಮ್ಮ ಚಿಕ್ಕಮ್ಮನ ಮನೆಯಲ್ಲಿ ‘ನನಗೆ ಗೊತ್ತು’ ಎಂದು ಯಾರೂ ಹೇಳಬಾರದು. ಹೇಳಿದಿರೋ, ಕೆಟ್ಟಿರಿ. ‘ಈಜು ಬರುತ್ತೆ’ ಎಂದವನನ್ನು ಸೋಫಾದ ಮೇಲಾದರೂ ಈಜಿಸಿ ನೋಡುವ ಹೆಂಗಸು ಅವಳು. ಉತ್ಪ್ರೇಕ್ಷೆ ಅಂದುಕೊಂಡಿರಾ? ಸೋಫಾದ ಮೇಲೆ ಈಜಿದವನು ನಾನೇ. ನನ್ನ ದಿನಚರಿಯಲ್ಲಿ ದಾಖಲಾಗಿದೆ: ಮಾರ್ಚ್, ಎರಡನೆಯ ಶನಿವಾರ, ಊಟಕ್ಕೆ ಮುಂಚೆ. ಕೈ ಬೀಸುವುದು ಸರಿಯಿತ್ತಂತೆ, ಉಸಿರು ತೆಗೆದುಕೊಳ್ಳುವಾಗ ಮುಖವನ್ನು ದಿಂಬಿನೊಳಗೇ ಇಟ್ಟಿದ್ದೆನಂತೆ. ‘ನೀರಲ್ಲಾಗಿದ್ರೆ ಇಷ್ಟು ಹೊತ್ತಿಗೆ ಹೋಗಿರ್ತಿದ್ದೆ,’ ಅಂದಳು.

ಚಿಕ್ಕಮ್ಮನ ಉದ್ಯೋಗವೇ ಅದು. ನೈರೋಬಿಯ ಗಿಗಿರಿ ಬಡಾವಣೆಯ ಕಡೆ ಇರುವ ಒಂದು ಸಂಸ್ಥೆಯಲ್ಲಿ ಕೂತು, ಶಾಲೆಯ ಮೇಷ್ಟ್ರುಗಳ ಜೊತೆ ಸೇರಿ, ಮಕ್ಕಳಿಗೆ ಪರೀಕ್ಷೆ ತಯಾರಿಸುತ್ತಾಳೆ. ಪ್ರಶ್ನೆಪತ್ರಿಕೆಯಲ್ಲ, ಪ್ರಶ್ನೆಪತ್ರಿಕೆ ಅಂದರೆ ಅವಳಿಗೆ ಹುಳಿ ತೇಗು. ‘ಒಂದು ಲೀಟರಿಗೆ ಎಷ್ಟು ಮಿಲಿಲೀಟರ್ ಅಂತ ಕೇಳಿದ್ರೆ ಇಡೀ ಕ್ಲಾಸು ಸಾವಿರ ಅಂತ ಬರೆಯುತ್ತೆ. ಗಂಜಿ ಕಾಯಿಸೋಕೆ ಎರಡೂವರೆ ಲೀಟರ್ ನೀರು ತನ್ನಿ ಅಂದ್ರೆ ಅದೇ ಕ್ಲಾಸು ಬಕೆಟ್ ಹುಡುಕುತ್ತೆ. ಹಾಗಾದ್ರೆ ಗೊತ್ತಿರೋದು ಯಾರಿಗೆ, ಪೆನ್ನಿಗಾ?’ ಇದು ಅವಳ ಧರ್ಮ. ಹೊಸ ಪಠ್ಯಕ್ರಮ ಬರುತ್ತದೆ ಎಂದು ಊರಿನ ಶಾಲೆಗಳಲ್ಲೆಲ್ಲ ಗುಲ್ಲೆದ್ದಿದ್ದ ಕಾಲ. ಹಾಗಾಗಿ ಚಿಕ್ಕಮ್ಮನಿಗೆ ಭಾರೀ ಬೇಡಿಕೆ. ಅವಳು ತಯಾರಿಸುವ ಪ್ರತಿ ಪರೀಕ್ಷೆಯೂ ಮೊದಲು ಮನೆಯವರ ಮೇಲೆ ಪ್ರಯೋಗವಾಗುತ್ತಿತ್ತು.

ನನ್ನ ಟೆಲಿಕಾಂ ಕಂಪನಿ ನನ್ನನ್ನು ಎರಡು ವರ್ಷಕ್ಕೆಂದು ನೈರೋಬಿಗೆ ಕಳಿಸಿದ್ದು 2017ರಲ್ಲಿ. ಕಿಲೆಲೆಶ್ವಾದಲ್ಲಿ ಚಿಕ್ಕಮ್ಮನ ಫ್ಲ್ಯಾಟು. ಚಿಕ್ಕಪ್ಪ, ಹತ್ತು ವರ್ಷದ ಮಗಳು ಅದಿತಿ, ಮತ್ತು ನನಗೊಂದು ಕೋಣೆ. ವಿಮಾನದಿಂದ ಇಳಿದ ಸಂಜೆಯೇ ಚಿಕ್ಕಮ್ಮ ಕೇಳಿದಳು:

‘ಅಡುಗೆ ಬರುತ್ತೇನೋ?’

‘ಬರುತ್ತೆ ಚಿಕ್ಕಮ್ಮ. ಸಾರು ಚೆನ್ನಾಗಿ ಮಾಡ್ತೀನಿ.’

ಅವಳ ಬೆನ್ನ ಹಿಂದೆ ನಿಂತಿದ್ದ ಚಿಕ್ಕಪ್ಪ ಎರಡೂ ಕೈ ಬೀಸಿ ಬೇಡ ಬೇಡ ಎಂದು ಸನ್ನೆ ಮಾಡಿದರು. ತಡವಾಗಿತ್ತು.

‘ಸರಿ, ಟಾಸ್ಕ್ ಕೇಳ್ಕೋ. ಊಟಕ್ಕೆ ನಾಲ್ಕು ಜನ. ಅದರಲ್ಲಿ ಒಬ್ಬರಿಗೆ ಖಾರ ಆಗಲ್ಲ. ಟೊಮೆಟೊ ಎರಡೇ ಇದೆ. ಕರೆಂಟು ಯಾವಾಗ ಬೇಕಾದ್ರೂ ಹೋಗಬಹುದು. ಮಾಡಿ ತೋರ್ಸು.’

ಕರೆಂಟು ಹೋಯಿತು. ಸಾಸಿವೆ ಸಿಡಿಯುತ್ತಿರುವಾಗಲೇ ಹೋಯಿತು. ಅದನ್ನು ಚಿಕ್ಕಮ್ಮನೇ ಹೋಗಿ ಮೀಟರಿನ ಹತ್ತಿರ ತೆಗೆದಳೋ ಅಥವಾ ನೈರೋಬಿಯೇ ತೆಗೆಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕತ್ತಲಲ್ಲಿ ಎರಡು ಸಲ ಉಪ್ಪು ಹಾಕಿದೆ. ಎಲ್ಲರೂ ತುತ್ತಿಗೊಂದು ಗುಟುಕು ನೀರು ಕುಡಿಯುತ್ತ ಉಂಡರು. ಆಮೇಲೆ ತೀರ್ಪು ಬಂತು. ಚಿಕ್ಕಮ್ಮನ ಹತ್ತಿರ ಅಂಕಗಳಿಲ್ಲ. ಇರುವುದು ನಾಲ್ಕು ಮೆಟ್ಟಿಲು: ಮೊಳಕೆ, ಚಿಗುರು, ಕಾಯಿ, ಹಣ್ಣು.

‘ಸಾರು ಮೊಳಕೆ. ಆದರೆ ಕತ್ತಲಾದ ತಕ್ಷಣ ಒಲೆ ಆರಿಸಿದೆ ನೋಡು, ಅದು ಕಾಯಿ.’

‘ನನಗೆ ಮದುವೆಯಾಗಿ ಹದಿಮೂರು ವರ್ಷ ಕಣಪ್ಪಾ,’ ಚಿಕ್ಕಪ್ಪ ಕೈ ತೊಳೆಯುತ್ತ ಪಿಸುಗುಟ್ಟಿದರು. ‘ನಾನಿನ್ನೂ ಚಿಗುರಲ್ಲೇ ಇದೀನಿ.’

ಲೆಕ್ಕ ಇಡುವುದು ನನ್ನ ಚಟ. ಮೊದಲ ತಿಂಗಳ ಕೊನೆಗೆ ದಿನಚರಿ ನೋಡಿದರೆ, ನನ್ನ ಮೇಲೆ ನಡೆದ ಪರೀಕ್ಷೆಗಳು ಹದಿನಾಲ್ಕು. ಹಣ್ಣು ಬಂದದ್ದು ಒಂದೇ ಒಂದು ಸಲ, ಬೀರು ಸರಿಸಿದ್ದಕ್ಕೆ.

ಅತಿಥಿಗಳಿಗೂ ವಿನಾಯಿತಿಯಿರಲಿಲ್ಲ. ರುಂಡಾದ ದೊಡ್ಡ ಬಂಗಲೆಯಲ್ಲಿದ್ದ ಚಿಕ್ಕಪ್ಪನ ಸ್ನೇಹಿತರೊಬ್ಬರು ಒಂದು ರಾತ್ರಿ ಊಟಕ್ಕೆ ಬಂದರು. ದೊಡ್ಡ ಹುದ್ದೆ, ಗೇಟು ಕಾಯುವ ಅಸ್ಕಾರಿ ಕೂಡ ಅವರ ಕಾರಿಗೆ ಎದ್ದು ನಿಂತು ಸೆಲ್ಯೂಟ್ ಹೊಡೆದಿದ್ದ. ಪಾಯಸ ಕುಡಿಯುತ್ತ ಆ ಮಹಾನುಭಾವರು, ‘ನಂದು ಇಪ್ಪತ್ತು ವರ್ಷದ ಯೋಗಾಭ್ಯಾಸ. ಪದ್ಮಾಸನದಲ್ಲಿ ಒಂದು ಗಂಟೆ ಕೂರ್ತೀನಿ’ ಅಂದುಬಿಟ್ಟರು. ನಾನೂ ಚಿಕ್ಕಪ್ಪನೂ ಮುಖಮುಖ ನೋಡಿಕೊಂಡೆವು. ಅದಿತಿ ಆಗಲೇ ಚಾಪೆ ತರಲು ಎದ್ದಿದ್ದಳು.

ಅವರು ಕೂತದ್ದು ನಿಜ. ಚೆನ್ನಾಗಿಯೇ ಕೂತರು. ಎದ್ದೇಳಲು ಹೋದಾಗ ಎಡಗಾಲು ಬಲತೊಡೆಯ ಮೇಲಿಂದ ಇಳಿಯಲು ಒಪ್ಪಲಿಲ್ಲ. ನಾವು ಮೂವರು ಸೇರಿ, ಪದ್ಮಾಸನದ ಸಮೇತ, ಅವರನ್ನು ಎತ್ತಿ ಸೋಫಾದ ಮೇಲಿಟ್ಟೆವು. ಚಿಕ್ಕಮ್ಮ ಒಂದು ಗ್ಲಾಸು ನೀರು ಕೊಟ್ಟು, ಅತ್ಯಂತ ಗೌರವದಿಂದ ಹೇಳಿದಳು: ‘ಕೂರೋದು ಹಣ್ಣು ಸಾರ್. ಏಳೋದು ಮೊಳಕೆ.’

ಅವಳಿಗೆ ಯಾರನ್ನೂ ಅವಮಾನಿಸುವ ಉದ್ದೇಶ ಇರಲಿಲ್ಲ. ಪರೀಕ್ಷೆ ಕೆಟ್ಟರೆ ಅವಳು ಬೈಯುತ್ತಿದ್ದುದು ಪರೀಕ್ಷೆಯನ್ನೇ. ನಾಲ್ಕನೆಯ ತರಗತಿಗೆಂದು ‘ನಕ್ಷೆ ಬರೆ’ ಎಂಬ ಟಾಸ್ಕ್ ತಯಾರಿಸಿದಾಗ ಅದಿತಿ ಮನೆಯಿಂದ ತರಕಾರಿ ಮಾರುಕಟ್ಟೆಗೆ ನಕ್ಷೆ ಬರೆದಳು. ಅದನ್ನು ಹಿಡಿದು ನಾನು ಮಟಾಟು, ಅಂದರೆ ಅಲ್ಲಿಯ ಮಿನಿಬಸ್ಸು, ಹತ್ತಿ ಹೋಗಬೇಕು. ನಕ್ಷೆ ಬಹಳ ಚೆಂದವಾಗಿತ್ತು, ಬಣ್ಣವೂ ಇತ್ತು. ಆದರೆ ಅದರಲ್ಲಿದ್ದ ಗುರುತುಗಳು ಹೀಗಿದ್ದವು: ಐಸ್‌ಕ್ರೀಮ್ ಚೆಲ್ಲಿದ ಜಾಗ, ಅಪ್ಪ ಯಾವಾಗಲೂ ಬೈಯುವ ಜಾಗ, ನನಗೆ ವಾಂತಿ ಬಂದ ಜಾಗ. ನಾನು ‘ಅಪ್ಪ ಬೈಯುವ ಜಾಗ’ದಲ್ಲಿ ಇಳಿಯಬೇಕಿತ್ತು. ಮಟಾಟುವಿನ ಕಂಡಕ್ಟರನಿಗೆ ಅದನ್ನು ಹೇಗೆ ಕೇಳುವುದು? ಎರಡು ಗಂಟೆ ಕಳೆದು, ಊರಿನ ಇನ್ನೊಂದು ಮೂಲೆಯಿಂದ ಫೋನ್ ಮಾಡಿದೆ.

‘ಮಗು ತಪ್ಪು ಮಾಡಿಲ್ಲ ಕಣೋ,’ ಚಿಕ್ಕಮ್ಮ ಕೂಗಿದಳು. ಅವಳಿಗೆ ಖುಷಿಯೋ ಖುಷಿ. ‘ಯಾರಿಗೋಸ್ಕರ ನಕ್ಷೆ ಅಂತ ನಾನೇ ಹೇಳಿರ್ಲಿಲ್ಲ. ದಾರಿ ಗೊತ್ತಿಲ್ದೇ ಇರೋರಿಗೆ ಅಂತ ಸೇರಿಸ್ಬೇಕು. ನೀನು ಕಳೆದುಹೋಗಿದ್ದು ಎಷ್ಟು ಒಳ್ಳೇದಾಯ್ತು!’

ನಾನು ಕಳೆದುಹೋದದ್ದಕ್ಕೆ ಸಂತೋಷಪಟ್ಟ ಏಕೈಕ ಬಂಧು ಅವಳು.

ಇಂಥ ಚಿಕ್ಕಮ್ಮನ ಕೈಗೆ ಆ ವರ್ಷ ಕನ್ನಡಿಗರ ಸಂಘದ ಭಾನುವಾರದ ಕನ್ನಡ ತರಗತಿ ಬಂತು. ಮಕ್ಕಳು ಹನ್ನೊಂದು, ಅದಿತಿಯೂ ಸೇರಿ. ಎಲ್ಲರಿಗೂ ಅಕ್ಷರಮಾಲೆ ಬಾಯಿಪಾಠ, ಕಾಗುಣಿತ ಮುತ್ತಿನಂತೆ. ಹಳೆಯ ಪರೀಕ್ಷೆಯಲ್ಲಿ ತೊಂಬತ್ತಕ್ಕಿಂತ ಕಡಿಮೆ ತೆಗೆದವರೇ ಇಲ್ಲ. ಒಂದೇ ಒಂದು ಕೊರತೆ: ಯಾರೂ ಕನ್ನಡದಲ್ಲಿ ಬಾಯಿ ಬಿಡುತ್ತಿರಲಿಲ್ಲ. ‘ನೀರು ಬೇಕಾ?’ ಎಂದರೆ ‘ಯೆಸ್ ಪ್ಲೀಸ್’. ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಸಂಘದ ಅಧ್ಯಕ್ಷರು ಉಡುಪಿಯ ಕಡೆಯವರು, ಬ್ಯಾಂಕಿನಲ್ಲಿದ್ದರು. ಅವರ ಮಗ ರೋಹನ್ ಕೂಡ ಅದೇ ತರಗತಿಯಲ್ಲಿದ್ದ. ಅವರು ಚಿಕ್ಕಮ್ಮನಿಗೆ ನೇರವಾಗಿ ಹೇಳಿದರು:

‘ನೋಡಿ ಮೇಡಂ, ಮೂರು ವರ್ಷದಿಂದ ಈ ಕ್ಲಾಸು ನಡೀತಾ ಉಂಟು. ಒಂದು ಮಗು ಒಂದು ವಾಕ್ಯ ಮಾತಾಡುದಿಲ್ಲ. ಆ ರೂಮನ್ನು ಜುಂಬಾ ಡ್ಯಾನ್ಸಿನವರು ಕೇಳ್ತಾ ಇದ್ದಾರೆ. ನವೆಂಬರಿಗೆ ಮಕ್ಕಳು ಮಾತಾಡುದು ನಮಗೆ ಕಾಣ್ಬೇಕು. ಇಲ್ಲದಿದ್ರೆ ಕ್ಲಾಸು ಬಂದ್.’

‘ಕಾಣಿಸ್ತೀನಿ,’ ಅಂದಳು ಚಿಕ್ಕಮ್ಮ.

ಅವಳಿಗೆ ಅದು ಬರೀ ತರಗತಿಯ ಪ್ರಶ್ನೆಯಾಗಿರಲಿಲ್ಲ. ಅವಳ ಅಮ್ಮ, ಅಂದರೆ ನಮ್ಮ ಅಜ್ಜಿ, ಮೈಸೂರಿನಲ್ಲಿ ನನ್ನ ಅಪ್ಪ ಅಮ್ಮನ ಜೊತೆಯಲ್ಲೇ ಇದ್ದಾರೆ. ಪ್ರತಿ ಭಾನುವಾರ ಸಂಜೆ ಅವರ ಫೋನು. ಅದರಲ್ಲಿ ಅದಿತಿಯ ಪಾಲು ಇಷ್ಟೇ: ‘ಹಾಯ್ ಅಜ್ಜಿ. ಫೈನ್ ಅಜ್ಜಿ. ಬೈ ಅಜ್ಜಿ.’ ಉಳಿದದ್ದನ್ನೆಲ್ಲ ಚಿಕ್ಕಮ್ಮ ನಡುವೆ ನಿಂತು ಆ ಕಡೆಯದನ್ನು ಈ ಕಡೆಗೂ ಈ ಕಡೆಯದನ್ನು ಆ ಕಡೆಗೂ ದಾಟಿಸಬೇಕು. ‘ನಮ್ಮಮ್ಮನಿಗೂ ನನ್ನ ಮಗಳಿಗೂ ನಾನು ಟ್ರಾನ್ಸ್‌ಲೇಟರ್ ಕಣೋ,’ ಎಂದು ಒಮ್ಮೆ ಪಾತ್ರೆ ಒರೆಸುತ್ತ ಹೇಳಿದ್ದಳು. ‘ಇಬ್ಬರೂ ಒಬ್ಬರಿಗೊಬ್ಬರು ಸಿಗೋದೇ ಇಲ್ಲ.’ ಅವಳು ತಮಾಷೆ ಮಾಡದೆ ಆಡಿದ ಮಾತು ನಾನು ಕೇಳಿದ್ದು ಅದೇ ಮೊದಲು.

ಜೂನ್‌ನಲ್ಲಿ ಮೊದಲ ಪ್ರಯತ್ನ: ಮಕ್ಕಳು ಒಬ್ಬೊಬ್ಬರಾಗಿ ಅಪ್ಪ ಅಮ್ಮಂದಿರ ಮುಂದೆ ನಿಂಬೆ ಪಾನಕ ಮಾಡುತ್ತ, ಮಾಡುವುದನ್ನು ಕನ್ನಡದಲ್ಲಿ ಹೇಳಬೇಕು. ಮಕ್ಕಳು ಬಂದರು, ಎಲ್ಲರ ಬಾಯಲ್ಲೂ ಸೊಗಸಾದ ವಾಕ್ಯಗಳು. ಚಿಕ್ಕಮ್ಮನಿಗೆ ಅಲ್ಲೇ ಅನುಮಾನ. ಅವಳು ಏನು ಮಾಡಿದಳು ಗೊತ್ತೆ? ನಿಂಬೆಹಣ್ಣಿನ ಬುಟ್ಟಿಯನ್ನು ಎತ್ತಿ ಕಪಾಟಿನಲ್ಲಿಟ್ಟು, ಅದೇ ಜಾಗದಲ್ಲಿ ಟೊಮೆಟೊ ಇಟ್ಟಳು.

ಮೊದಲ ಹುಡುಗಿ ಬಂದು ಕೈ ಮುಗಿದು, ‘ಈಗ ನಾವು ನಿಂಬೆಹಣ್ಣನ್ನು ಹಿಂಡಬೇಕು’ ಎಂದು ನಗುನಗುತ್ತ ಟೊಮೆಟೊ ಹಿಂಡಿದಳು. ಎರಡನೆಯವನೂ ಹಿಂಡಿದ. ‘ನಿಂಬೆಹಣ್ಣಿನ ಬೀಜಗಳನ್ನು ತೆಗೆಯಬೇಕು’ ಎಂದು ಒಬ್ಬ ಪುಣ್ಯಾತ್ಮ ಟೊಮೆಟೊ ಬೀಜಗಳನ್ನು ಒಂದೊಂದಾಗಿ ಆರಿಸತೊಡಗಿದ. ಅಮ್ಮಂದಿರು ಬರೆದುಕೊಟ್ಟಿದ್ದರು, ಮಕ್ಕಳು ಉರುಹೊಡೆದಿದ್ದರು. ಹನ್ನೊಂದು ಲೋಟ ಟೊಮೆಟೊ ಪಾನಕ ತಯಾರಾಯಿತು. ಚೆಲ್ಲಬಾರದೆಂದು ಚಿಕ್ಕಪ್ಪ ನಾಲ್ಕು ಕುಡಿದರು. ಸೋಮವಾರ ಅವರು ಆಫೀಸಿಗೆ ಹೋಗಲಿಲ್ಲ.

‘ಮಕ್ಕಳಿಗೆ ಹೀಗೆ ಮೋಸ ಮಾಡೋದಾ?’ ಒಬ್ಬ ತಾಯಿ ಸಿಟ್ಟಾದರು.

‘ಮೋಸ ಮಾಡಿದ್ದು ನನ್ನ ಪ್ರಶ್ನೆ,’ ಅಂದಳು ಚಿಕ್ಕಮ್ಮ. ‘ಎಲ್ಲರಿಗೂ ಗೊತ್ತಿರೋದನ್ನ ಎಲ್ಲರ ಮುಂದೆ ಹೇಳು ಅಂದ್ರೆ ಯಾರು ತಾನೇ ಮಾತಾಡ್ತಾರೆ? ಒಪ್ಪಿಸ್ತಾರೆ ಅಷ್ಟೆ. ಕೇಳೋರಿಗೆ ಉತ್ತರ ಗೊತ್ತಿರಬಾರದು. ಆಗ ಮಾತು ಬರುತ್ತೆ.’

ಒಂದು ವಾರ ಅವಳು ಊಟ ಮಾಡುತ್ತ, ಹಲ್ಲುಜ್ಜುತ್ತ, ಕಾರಿನಲ್ಲಿ ಕೂತು ಅದನ್ನೇ ಯೋಚಿಸಿದಳು. ಆಮೇಲೆ ಹೊಸ ಟಾಸ್ಕ್ ಹುಟ್ಟಿತು: ‘ಊರಿನಲ್ಲಿರುವ ಅಜ್ಜಿಗೋ ತಾತನಿಗೋ ಫೋನ್ ಮಾಡು. ನಿನ್ನ ಅಪ್ಪ ಅಮ್ಮನಿಗೂ ಗೊತ್ತಿಲ್ಲದ ಒಂದು ವಿಷಯ ಕೇಳಿ ತಿಳಿದುಕೋ. ಅದನ್ನು ಕನ್ನಡದಲ್ಲಿ ನಮಗೆ ಹೇಳು.’

ಬರೆದುಕೊಡಲು ಯಾರಿಗೂ ಸಾಧ್ಯವಿಲ್ಲ. ಎಂಥ ಪರೀಕ್ಷೆ! ಚಿಕ್ಕಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಪ್ರಯೋಗಕ್ಕೆಂದು ಅದಿತಿಯಿಂದ ಮೈಸೂರಿಗೆ ಫೋನ್ ಮಾಡಿಸಿದೆವು. ಸ್ಪೀಕರಿನಲ್ಲಿ ಅಜ್ಜಿಯ ಧ್ವನಿ ಗಣಗಣ ಬಂತು:

‘ಹಲೋ ಪುಟ್ಟಾ! ಹೌ ಆರ್ ಯೂ? ಹೌ ಈಸ್ ದಿ ವೆದರ್ ದೇರ್?’

ಚಿಕ್ಕಮ್ಮ ಫೋನು ಕಿತ್ತುಕೊಂಡಳು. ‘ಅಮ್ಮಾ, ಏನಿದು ಇಂಗ್ಲಿಷು?’

‘ನೀನೇ ಅಲ್ವೇನೇ ಹೇಳಿದ್ದು, ಅವಳು ಕನ್ನಡ ಮಾತಾಡಲ್ಲ ಅಂತ. ಮೇಲಿನ ಮನೆ ಟೀಚರ್ ಹತ್ರ ಕಲೀತಾ ಇದೀನಿ. ಎಪ್ಪತ್ತಮೂರಕ್ಕೆ ಪಾಸ್ಟ್ ಟೆನ್ಸ್ ಮುಗಿಸಿದೀನಿ.’

‘ಈಗ ಮರೆತುಬಿಡಮ್ಮ.’

‘ಫೀಸು ಕಟ್ಟಿ ಆಗಿದೆ ಕಣೇ.’

ಚಿಕ್ಕಮ್ಮನ ಲೆಕ್ಕ ತಪ್ಪಿದ್ದು ಇಲ್ಲೇ. ಮಕ್ಕಳನ್ನು ಸಿದ್ಧಪಡಿಸಿದ್ದಳು, ಅಜ್ಜಿಯರನ್ನು ಮರೆತಿದ್ದಳು. ವಿಚಾರಿಸಿದರೆ ಹನ್ನೊಂದು ಮನೆಯ ಅಜ್ಜಿ ತಾತಂದಿರಲ್ಲಿ ಏಳು ಜನ ಮೊಮ್ಮಕ್ಕಳಿಗೋಸ್ಕರ ಇಂಗ್ಲಿಷ್ ಶುರುಮಾಡಿದ್ದರು! ಆದ್ದರಿಂದ ಅವರಿಗೆ ತರಬೇತಿ. ನಿಯಮ ಮೂರು: ಒಂದು, ಇಂಗ್ಲಿಷ್ ಬೇಡ; ಎರಡು, ‘ಊಟ ಆಯ್ತಾ’ ಎಂದು ಕೇಳಬೇಡಿ, ಅದಕ್ಕೆ ಹೂಂ ಅಂದರೆ ಮುಗಿಯಿತು; ಮೂರು, ಮಗು ಸುಮ್ಮನಾದರೆ ನೀವೂ ಸುಮ್ಮನಿರಿ, ಅದಕ್ಕೆ ಮಾತು ಹುಡುಕಲು ಸಮಯ ಕೊಡಿ.

ಅಭ್ಯಾಸಕ್ಕೆ ನಕಲಿ ಮೊಮ್ಮಗ ಬೇಕಲ್ಲ? ಅದು ನಾನು. ಸಂಜೆ ಆಫೀಸಿನಿಂದ ಬಂದು ಒಬ್ಬೊಬ್ಬ ಅಜ್ಜಿಗೂ ಫೋನ್ ಮಾಡಿ, ‘ಅಜ್ಜೀ...’ ಎಂದು ಹೇಳಿ ಸುಮ್ಮನೆ ಕೂರಬೇಕು. ಅವರು ಎಷ್ಟು ಹೊತ್ತು ತಡೆಯುತ್ತಾರೆ ನೋಡಬೇಕು. ಮೂರನೆಯ ನಿಯಮ ಯಾರಿಗೂ ಆಗುತ್ತಿರಲಿಲ್ಲ. ‘ಪಾಪ, ಮಗು ಯಾಕೋ ಮಾತಾಡ್ತಿಲ್ಲ, ಹಸಿವೇನೋ’ ಎಂದು ದಾವಣಗೆರೆಯಲ್ಲಿ ಒಬ್ಬರು ಅತ್ತೇಬಿಟ್ಟರು. ಇನ್ನೊಬ್ಬರು ಮೊಮ್ಮಗ ನಕಲಿ ಎಂಬುದನ್ನು ಮರೆಯಲಿಲ್ಲ. ‘ಯಾವ ಕಂಪನಿಯಪ್ಪ ನಿಂದು? ಮದುವೆ ಆಗಿದ್ಯಾ? ನಮ್ಮ ತಂಗಿ ಮೊಮ್ಮಗಳೊಬ್ಬಳು...’ ಎಂದು ಶುರುಮಾಡಿದರು. ಆ ತಿಂಗಳ ಲೆಕ್ಕ: ಮಾಡಿದ ಕರೆ ಇಪ್ಪತ್ತಾರು, ಬಂದ ಜಾತಕ ಎರಡು. ಮೂರನೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವರು ನಮ್ಮ ಅಜ್ಜಿ ಒಬ್ಬರೇ. ‘ನನ್ನ ಮಗಳು ಹೇಳಿದ ಮೇಲೆ ಮುಗೀತು,’ ಅನ್ನುತ್ತಿದ್ದರು.

ನವೆಂಬರಿನ ಆ ಭಾನುವಾರ ಬಂತು. ಕೋಣೆಯ ತುಂಬ ಜನ. ಬಾಗಿಲಲ್ಲಿ ಬಣ್ಣಬಣ್ಣದ ಬೂಟು ಹಾಕಿಕೊಂಡ ಜುಂಬಾ ಹೆಂಗಸರು, ಯಾವಾಗ ಖಾಲಿಯಾಗುತ್ತದೆಂದು ಕಾಯುತ್ತ. ಚಿಕ್ಕಮ್ಮ ಪ್ರತಿ ತಂದೆ ತಾಯಿಯ ಬಾಯಿಗೂ ಒಂದೊಂದು ಪೆಪ್ಪರ್‌ಮಿಂಟ್ ಹಾಕಿದಳು. ‘ಇದು ಕರಗೋವರೆಗೂ ಯಾರೂ ಮಕ್ಕಳಿಗೆ ಹೇಳಿಕೊಡೋ ಹಾಗಿಲ್ಲ. ಕಡಿದ್ರೆ ಇನ್ನೊಂದು ಹಾಕ್ತೀನಿ.’

ಮೊದಲು ಪ್ರಣವ್ ಎಂಬ ಹುಡುಗ ಸ್ಪೀಕರಿನಲ್ಲಿ ತನ್ನ ತಾತನ ಜೊತೆ ಮಾತಾಡಿದ. ತಡವರಿಸಿದ, ತಲೆ ಕೆರೆದ, ಕೇಳಿದ. ಆಮೇಲೆ ನಮ್ಮ ಕಡೆ ತಿರುಗಿ ಹೇಳಿದ: ‘ಅಪ್ಪಂದು ಸೈಕಲ್ ಇತ್ತು. ಅದು ಕಳ್ಳ ತಗೊಂಡಿಲ್ಲ. ತಾತ ಮಾರಿದೆ. ಅಪ್ಪ ದಿನಾ ಸಿನಿಮಾ ಹೋಗಿದೆ, ಅದಕ್ಕೆ.’

ಅವನಪ್ಪನ ಗಂಟಲಿಗೆ ಪೆಪ್ಪರ್‌ಮಿಂಟ್ ಸಿಕ್ಕಿಕೊಂಡಿತು. ಇಬ್ಬರು ಬೆನ್ನಿಗೆ ಗುದ್ದಿದರು. ಉಸಿರು ಬಂದ ಕೂಡಲೆ ಅವರು ಫೋನಿನ ಕಡೆ ಬಗ್ಗಿ, ‘ಅಪ್ಪಾ, ಇಪ್ಪತ್ತೈದು ವರ್ಷ ನಾನು ಎದುರುಮನೆ ನಾಗರಾಜನ್ನ ಅನುಮಾನಿಸಿದೀನಲ್ಲಪ್ಪಾ’ ಅಂದರು. ಜುಂಬಾ ಹೆಂಗಸರಿಗೆ ಕನ್ನಡ ಬರದಿದ್ದರೂ ಅವರೂ ನಕ್ಕರು.

ಆಮೇಲೆ ಅಧ್ಯಕ್ಷರ ಮಗ ರೋಹನ್. ಫೋನಿನಲ್ಲಿ ಅವನ ಅಜ್ಜಿ, ‘ಎಂಚ ಉಲ್ಲ ಮಗಾ?’ ಅಂದರು. ಹುಡುಗ ತುಳುವಿನಲ್ಲಿ ಜಲಪಾತದಂತೆ ಸುರಿಯತೊಡಗಿದ. ನಾವೆಲ್ಲ ಕಣ್ಣು ಕಣ್ಣು ಬಿಟ್ಟೆವು. ತಂದೆ ಮಗ ಮನೆಯಲ್ಲಿ ಮಾತಾಡುವುದೇ ತುಳು ಎಂಬುದು ಟಾಸ್ಕ್ ಬರೆದವಳ ತಲೆಗೆ ಬಂದಿರಲಿಲ್ಲ.

‘ಇದು ಕನ್ನಡದ ಪರೀಕ್ಷೆ ಅಲ್ವಾ ಮೇಡಂ? ನನ್ನ ಮಗ ಆದ್ರೂ ನಾನು ಒಪ್ಪುದಿಲ್ಲ,’ ಅಂದರು ಅಧ್ಯಕ್ಷರು, ಪೆಪ್ಪರ್‌ಮಿಂಟನ್ನು ಕೆನ್ನೆಗೆ ಸರಿಸಿ.

‘ಸ್ವಲ್ಪ ತಡೀರಿ ಸಾರ್,’ ಅಂದಳು ಚಿಕ್ಕಮ್ಮ. ‘ಕೇಳಿದ್ದು ತುಳುನಲ್ಲಿ. ಹೇಳೋದು ಯಾವುದರಲ್ಲಿ ನೋಡೋಣ.’

ರೋಹನ್ ತಿರುಗಿದ. ಅಪ್ಪನನ್ನೇ ನೋಡುತ್ತ, ಒಂದೊಂದು ಪದವನ್ನೂ ಹೆಕ್ಕಿ ಹೆಕ್ಕಿ ಹೇಳಿದ: ‘ಅಪ್ಪ ಚಿಕ್ಕ ಇದ್ದಾಗ ಸ್ಕೂಲ್ ಹೋದ್ರು. ಅಪ್ಪನಿಗೆ ಕನ್ನಡ ಬರ್ಲಿಲ್ಲ. ತುಳು ಮಾತ್ರ. ಒಂದು ವರ್ಷ ಮಾತಾಡ್ಲಿಲ್ಲ. ಟೀಚರ್ ಅಂದ್ಕೊಂಡ್ರು, ಈ ಹುಡುಗ ಮೂಗ. ಅಜ್ಜಿ ಸ್ಕೂಲ್ ಹೋಗಿ ಹೇಳಿದ್ರು, ಬಿಡಬೇಡಿ, ಅವನು ಮಾತಾಡ್ತಾನೆ.’

ಅಧ್ಯಕ್ಷರು ಪೆಪ್ಪರ್‌ಮಿಂಟನ್ನು ಇಡಿಯಾಗಿ ನುಂಗಿದರು. ಆಮೇಲೆ ಬಾಗಿಲಿನತ್ತ ಹೋಗಿ, ಜುಂಬಾ ಹೆಂಗಸರಿಗೆ ಇಂಗ್ಲಿಷಿನಲ್ಲಿ, ಈ ಕೋಣೆ ಮುಂದಿನ ವರ್ಷವೂ ಖಾಲಿಯಿಲ್ಲ, ದಯವಿಟ್ಟು ಶನಿವಾರ ನೋಡಿಕೊಳ್ಳಿ ಎಂದು ಹೇಳಿ ಬಂದು ಕೂತರು.

ತರಗತಿ ಉಳಿಯಿತು. ಚಿಕ್ಕಮ್ಮ ಗೆದ್ದಳು. ಆದರೆ ಕೊನೆಯ ಸರದಿ ಅದಿತಿಯದು.

ಸ್ವಂತ ಮಗಳನ್ನು ತಾನು ಅಳೆಯಬಾರದೆಂದು ಚಿಕ್ಕಮ್ಮ ಕೆಲಸವನ್ನು ನನಗೆ ವಹಿಸಿ, ಹೊರಗೆ ಹೋಗಿ ಕಿಟಕಿಯ ಪಕ್ಕ ನಿಂತಳು. ಅದಿತಿ ಮೈಸೂರಿಗೆ ಫೋನ್ ಮಾಡಿ ‘ಹಾಯ್ ಅಜ್ಜಿ’ ಅಂದಳು. ‘ಹೇಳು ಪುಟ್ಟಾ’ ಅಂದರು ಅಜ್ಜಿ. ಇಷ್ಟು ಜನರ ಮುಂದೆ ಅವಳ ಕನ್ನಡವೆಲ್ಲ ಎಲ್ಲಿಗೋ ಓಡಿಹೋಯಿತು. ಅವಳು ಸುಮ್ಮನಾದಳು. ಆ ಕಡೆ ಅಜ್ಜಿ, ಮಗಳು ಹೇಳಿಕೊಟ್ಟ ನಿಯಮದಂತೆ, ತಾವೂ ಸುಮ್ಮನಾದರು. ಇಬ್ಬರೂ ಸುಮ್ಮನೆ. ಮೈಸೂರಿನ ಮನೆಯ ಫ್ಯಾನಿನ ಸದ್ದು ನಮಗೆಲ್ಲ ಕೇಳಿಸುತ್ತಿತ್ತು. ಅದಿತಿ ‘ಐ ಕಾಂಟ್’ ಎಂದು ಫೋನು ಕೆಳಗಿಟ್ಟು ಅಪ್ಪನ ಹತ್ತಿರ ಓಡಿದಳು.

ನಾನು ‘ಮೊಳಕೆ’ ಎಂದು ಬರೆದೆ. ಇನ್ನೇನು ಬರೆಯಲಿ? ಚಿಕ್ಕಮ್ಮ ಒಳಗೆ ಬಂದು ಹಾಳೆ ನೋಡಿದಳು. ‘ಸರಿಯಾಗಿ ಹಾಕಿದೀಯ,’ ಅಂದಳು. ಆ ವಾರ ನಮ್ಮ ಮನೆಯಲ್ಲಿ ಒಂದೂ ಪರೀಕ್ಷೆ ನಡೆಯಲಿಲ್ಲ. ಚಿಕ್ಕಪ್ಪ ‘ನಂಗೆ ಬೈಕ್ ರಿಪೇರಿ ಗೊತ್ತು’ ಎಂದು ತಾವಾಗಿಯೇ ಹೇಳಿ ನೋಡಿದರು. ‘ಹೌದಾ,’ ಅಂದಳು, ಅಷ್ಟೆ.

ಮುಂದಿನ ಭಾನುವಾರ ಸಂಜೆ ಎಂದಿನಂತೆ ಅಜ್ಜಿಯ ಫೋನು. ಅದಿತಿ ಎತ್ತಿಕೊಂಡಳು. ಚಿಕ್ಕಮ್ಮ ಎಂದಿನಂತೆ ಅಡುಗೆಮನೆಯಿಂದ ಬಂದು, ಫೋನು ತನ್ನ ಕೈಗೆ ಬರಲೆಂದು ಕೈ ಚಾಚಿದಳು. ಅದಿತಿ ಕೊಡಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡಳು.

‘ಅಜ್ಜಿ, ನೀನು ಯಾಕೆ ಮಾತಾಡಿಲ್ಲ ಆವತ್ತು? ನನಗೆ ಭಯ ಆಯ್ತು.’

ಒಂದು ಕ್ಷಣ ಬಿಟ್ಟು:

‘ಅಮ್ಮ ಹೇಳಿದ್ದಾ? ನನಗೂ ಹಂಗೇ ಮಾಡ್ತಾಳೆ ಅಜ್ಜಿ. ದಿನಾ ಮಾಡ್ತಾಳೆ. ಹೋಮ್‌ವರ್ಕ್ ಮುಗೀತು ಅಂದ್ರೆ ನಂಬಲ್ಲ... ಹೌದಾ? ಚಿಕ್ಕ ಇದ್ದಾಗಲೂ ಹಂಗೇನಾ? ನಿನಗೂ ಬೈದಿದಾಳಾ?’

ಚಿಕ್ಕಮ್ಮ ಬಾಲ್ಕನಿಯ ಬಾಗಿಲಿಗೆ ಕಿವಿ ಇಟ್ಟು, ನಿಧಾನವಾಗಿ ನೆಲದ ಮೇಲೆ ಕೂತುಬಿಟ್ಟಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಮರೆತಿತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನಾನು ಗಾಬರಿಯಾಗಿ ‘ಚಿಕ್ಕಮ್ಮಾ, ಏನಾಯ್ತು?’ ಎಂದು ಬಗ್ಗಿದೆ.

‘ಶ್. ಸುಮ್ನಿರೋ,’ ಅಂದಳು. ‘ಇಬ್ಬರೂ ಸೇರ್ಕೊಂಡು ನನ್ನ ಬೈತಾ ಇದಾರೆ ಕಣೋ. ಕನ್ನಡದಲ್ಲಿ.’